ಎಸೆಯದ ಪ್ಲೇಟು

ಮಾರ್ಚ್ 2, ಸೋಮವಾರ

ಅಮ್ಮನ ಅಪ್ಪಣೆಯಾಗಿದೆ. "ಆಸ್ಪತ್ರೆ ಜಗಳಾನ ಇನ್ಮೇಲೆ ಊಟದ ಹೊತ್ತಿಗೆ ತರ್ಬೇಡ. ನಂಗೆ ಅರಗಲ್ಲ. ಎಲ್ಲಾದ್ರೂ ಬರ್ಕೊ." ಹಾಗಾಗಿ ಬರೆಯುತ್ತಿದ್ದೇನೆ. ಯಾರೂ ಓದದ ಜಾಗದಲ್ಲಿ ಬೈದರೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ.

ಇನ್ನು ಒಂದೇ ತಿಂಗಳು. ಏಪ್ರಿಲ್ ಒಂದಕ್ಕೆ ನೀರಿನ ಬಾಟಲಿ ಕಾರ್ಖಾನೆಯ ಲ್ಯಾಬಿಗೆ ಸೇರುತ್ತೇನೆ. ಅಲ್ಲಿ ನೀರು ಪರೀಕ್ಷೆ ಮಾಡಿದರೆ ಮುಗಿಯಿತು. ನೀರಿಗೆ ಜ್ವರ ಬರುವುದಿಲ್ಲ, ನೀರಿನ ಅಜ್ಜಿ ಕಿಟಕಿಗೆ ಬಂದು ಅಳುವುದಿಲ್ಲ. ಈ ನೆಲಮಾಳಿಗೆಯಲ್ಲಿ ಕೂತು ಊರವರ ಕೀವು, ಕಫಗಳಲ್ಲಿ ರೋಗಾಣು ಹುಡುಕಿದ್ದು ಸಾಕಾಗಿದೆ. ಇಷ್ಟು ವರ್ಷದಲ್ಲಿ ಮೇಲಿನ ವಾರ್ಡುಗಳಿಗೆ ಹೋದದ್ದು ಬೆರಳೆಣಿಕೆಯಷ್ಟು ಸಲ. ಹೋಗುವ ಅಗತ್ಯವೂ ಇಲ್ಲ. ರೋಗಿ ಮೇಲಿರುತ್ತಾನೆ, ರೋಗ ಕೆಳಗೆ ಬರುತ್ತದೆ. ಇಬ್ಬರಲ್ಲಿ ನನಗೆ ರೋಗವೇ ವಾಸಿ, ಮಾತಾಡುವುದಿಲ್ಲ.

ಇವತ್ತು ಹಸುಗೂಸುಗಳ ವಾರ್ಡಿನಿಂದ ಸಿರಿಂಜಿನಲ್ಲಿ ಚೂರೇ ಚೂರು ಕೀವು ಬಂತು. ಚೀಟಿಯಲ್ಲಿ "ಎಡತೊಡೆ, ಗಂಟು, ಮೂರು ವಾರದ ಗಂಡು" ಎಂದಿತ್ತು. ಹುಟ್ಟಿದ ಕೂಡಲೇ ತೊಡೆಗೆ ಒಂದು ವಿಟಮಿನ್ ಚುಚ್ಚುತ್ತಾರಲ್ಲ, ಆ ಜಾಗದಲ್ಲೇ ಎದ್ದಿದೆಯಂತೆ. ನೇರಳೆ ಬಣ್ಣ, ಜ್ವರವಿಲ್ಲ, ಎರಡು ಬಗೆಯ ಆಂಟಿಬಯೋಟಿಕ್ ಕೊಟ್ಟರೂ ಜಗ್ಗಿಲ್ಲ. ಸ್ಲೈಡಿಗೆ ಬಣ್ಣ ಹಾಕಿ ನೋಡಿದೆ. ಕೀವು ರಾಶಿ ಇದೆ, ರೋಗಾಣು ಇಲ್ಲ. ಒಂದೆರಡು ಕಡೆ ಬಣ್ಣ ಹಿಡಿಯದ ಸಣ್ಣ ಕಡ್ಡಿಗಳ ನೆರಳಿನಂಥದ್ದೇನೋ ಕಂಡಿತು. ಮತ್ತೆ ಹುಡುಕಿದರೆ ಸಿಗಲಿಲ್ಲ. ಎರಡು ಪ್ಲೇಟುಗಳಲ್ಲಿ ರೋಗಾಣುವಿಗೆ ಊಟ ಬಡಿಸಿ, ಕೀವನ್ನು ಗೆರೆ ಎಳೆದು ಹಚ್ಚಿ, ಮೈಯ ಬಿಸಿಯಷ್ಟೇ ಬಿಸಿಯಿರುವ ಇನ್‌ಕ್ಯುಬೇಟರಿನಲ್ಲಿ ಇಟ್ಟುಬಂದೆ.

ಮಾರ್ಚ್ 4, ಬುಧವಾರ

ಎಡತೊಡೆಯ ಪ್ಲೇಟುಗಳಲ್ಲಿ ಏನೂ ಬೆಳೆದಿಲ್ಲ.

ನಮ್ಮ ಲ್ಯಾಬಿನ ನಿಯಮದ ಪ್ರಕಾರ ಕೀವಿನ ಪ್ಲೇಟಿಗೆ ಎರಡು ದಿನದ ಆಯುಸ್ಸು. ಅಷ್ಟರೊಳಗೆ ಬೆಳೆಯದಿದ್ದರೆ "ಬೆಳವಣಿಗೆ ಇಲ್ಲ" ಎಂದು ಬರೆದು ಎಸೆಯಬೇಕು. ನಿಯಮ ದೊಡ್ಡವರದ್ದು, ಎಂದರೆ ನಮ್ಮ ಮುಖ್ಯಸ್ಥರದ್ದು. ಆಳು ಕುಳ್ಳು, ಕರೆಯುವುದು ದೊಡ್ಡವರು ಎಂದು. ಕೆಟ್ಟ ಮನುಷ್ಯರಲ್ಲ. ಅವರ ಮೇಜಿನ ಮೇಲೆ ಪೆನ್ನುಗಳು ಕೂಡ ಎತ್ತರದ ಪ್ರಕಾರ ನಿಂತಿರುತ್ತವೆ, ಅಷ್ಟೆ.

ವರದಿ ಬರೆದು ರುಜು ಹಾಕಿದೆ. ಪ್ಲೇಟುಗಳನ್ನು ಎಸೆಯಲಿಲ್ಲ. ಆ ಕಡ್ಡಿಗಳ ನೆರಳು ಕಣ್ಣಿನಿಂದ ಹೋಗುತ್ತಿಲ್ಲ. ಒಣಗದ ಹಾಗೆ ಪ್ಲಾಸ್ಟಿಕ್ ಸುತ್ತಿ ಇನ್‌ಕ್ಯುಬೇಟರಿನ ಹಿಂದಿನ ಸಾಲಿಗೆ ತಳ್ಳಿದೆ. ಕ್ಷಯದ ರೋಗಾಣುವಿಗೆ ಒಂದು ದೊಡ್ಡ ಬಳಗವಿದೆ. ಮಾಮೂಲಿ ಬಣ್ಣಕ್ಕೆ ಆ ಬಳಗ ಒಗ್ಗುವುದಿಲ್ಲ, ಬೇರೆಯೇ ಒಂದು ಕೆಂಪು ಬಣ್ಣ ಹಾಕಬೇಕು. ಆದರೆ ಬಂದ ಕೀವು ಮುಗಿದುಹೋಗಿದೆ. ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ ಇನ್ನೊಂದಿಷ್ಟು ಕೇಳಿದೆ. ನಾನು ಅವರಿಗೆ ಇಟ್ಟಿರುವ ಹೆಸರು ಕೊಕ್ಕರೆ. ಉದ್ದ ಕಾಲು, ಉದ್ದ ಕತ್ತು, ಯೋಚನೆ ಹತ್ತಿದರೆ ಒಂಟಿ ಕಾಲಲ್ಲಿ ನಿಲ್ಲುತ್ತಾರೆ.

"ಮೂರು ವಾರದ ಮಗೂಗೆ ಎಲ್ಲಿಂದ ಬರುತ್ತೆ ಮೇಡಂ? ಮನೇಲಿ ಯಾರಿಗೂ ಕ್ಷಯ ಇಲ್ಲ."

"ಕ್ಷಯ ಅಂದ್ನಾ ನಾನು? ಅದರ ನೆಂಟರು ಅಂದೆ. ನೀರಲ್ಲಿ, ಮಣ್ಣಲ್ಲಿ ಬಿದ್ದಿರೋ ಬಡ ನೆಂಟರು."

"ಏನೂ ಬೆಳೆದಿಲ್ಲ ಅಂತ ನೀವೇ ಬರೆದು ಕಳಿಸಿದೀರಿ. ಆ ಮಗೂನ ಇನ್ನೊಂದ್ಸಲ ಯಾಕೆ ಚುಚ್ಲಿ?"

ನನ್ನ ಚಪ್ಪಲಿಯಲ್ಲಿ ನನಗೇ ಹೊಡೆದರು. ಫೋನ್ ಇಟ್ಟೆ.

ಮಾರ್ಚ್ 5, ಗುರುವಾರ

ಎಡತೊಡೆಯ ತಾಯಿ ಇಂದು ಲ್ಯಾಬಿನ ಕಿಟಕಿಗೇ ಬಂದಳು. ಬಸ್ ಕಂಡಕ್ಟರಂತೆ. ಬಾಣಂತಿಯ ದನಿಯಲ್ಲ ಅದು, ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವ ದನಿ.

"ಏನೂ ಇಲ್ಲ ಅಂತ ಬರೆದೋರು ನೀವೇನಾ?"

"ಏನೂ ಬೆಳೆದಿಲ್ಲ ಅಂತ ಬರ್ದಿದೀನಿ."

"ಎರಡೂ ಒಂದೇನಾ?"

"ಅಲ್ಲ."

"ಹಂಗಾದ್ರೆ ಅದನ್ನ ಬರೀರಿ. ಮೇಲೆ ಎಲ್ರೂ ಒಂದೇ ಅಂದ್ಕೊಂಡಿದಾರೆ."

ಇದು ವಿಚಾರಣೆಯ ಕಿಟಕಿಯಲ್ಲ, ಮೇಲೆ ಹೋಗಿ ಕೇಳಿ ಎಂದು ಕಿಟಕಿ ಎಳೆದುಕೊಂಡೆ. ಗಾಜಿನ ಆಚೆ ಸ್ವಲ್ಪ ಹೊತ್ತು ನಿಂತೇ ಇದ್ದಳು. ನನಗೆ ಮೈಯೆಲ್ಲ ಉರಿಯಿತು. ಊಟದ ಹೊತ್ತಿಗೆ ಅಮ್ಮನ ಮುಂದೆ ಕಾರಿಕೊಂಡೆ, ಅಪ್ಪಣೆ ಮರೆತು. ಅಮ್ಮ ಎಲ್ಲ ಕೇಳಿ, "ಅವಳು ಕೇಳಿದ್ದು ಸರಿ ತಾನೆ?" ಎಂದಳು. ಈ ಮನೆಯಲ್ಲಿ ನನ್ನ ಪಕ್ಷಕ್ಕೆ ಯಾರೂ ಇಲ್ಲ.

ಮಾರ್ಚ್ 6, ಶುಕ್ರವಾರ

ಮುಂದಿನ ತಿಂಗಳು ತಪಾಸಣೆಗೆ ಬರುತ್ತಾರಂತೆ. ದೊಡ್ಡವರಿಗೆ ಶುಚಿತ್ವದ ಗಾಳಿ ಹಿಡಿದಿದೆ. ಎರಡು ದಿನ ದಾಟಿದ ಒಂದು ಪ್ಲೇಟೂ ಇನ್‌ಕ್ಯುಬೇಟರಿನಲ್ಲಿ ಇರಕೂಡದಂತೆ.

"ಸರ್, ಎಡತೊಡೇದು ಇನ್ನೊಂದು ವಾರ ಇರಲಿ."

"ಇದು ಲ್ಯಾಬು ಕಣಮ್ಮ, ಮ್ಯೂಸಿಯಂ ಅಲ್ಲ. ವಾರ ಇಟ್ರೆ ಗಾಳಿಯಲ್ಲಿರೋದೆಲ್ಲ ಬಂದು ಅದರ ಮೇಲೆ ಸಂಸಾರ ಹೂಡುತ್ತೆ. ಆಮೇಲೆ ಅದಕ್ಕೂ ಮಗೂಗೆ ಔಷಧಿ ಕೊಡ್ತಾರೆ."

ಆ ಮಾತಿನಲ್ಲಿ ನ್ಯಾಯವಿದೆ, ಅದೇ ನನಗೆ ಕೋಪ. ಅವರು ಅತ್ತ ತಿರುಗಿದ ಮೇಲೆ ಒಂದು ಪ್ಲೇಟನ್ನು ಒಳಗೇ, ನೀರಿನ ತಟ್ಟೆಯ ಹಿಂದೆ ಅಡಗಿಸಿದೆ. ಎರಡನೆಯದಕ್ಕೆ ಜಾಗವಿರಲಿಲ್ಲ. ಹಳೆಯ ಗಾಜಿನ ಸಾಮಾನು ಇಡುವ ಬೀರುವಿನ ಕೆಳ ಅರೆಗೆ ಅದನ್ನು ಹಾಕಿ ಬೀಗ ಜಡಿದೆ. ಕಾವಿಲ್ಲದ ಮೇಲೆ ಅದರಲ್ಲಿ ಏನೂ ಹುಟ್ಟುವುದಿಲ್ಲ ಎಂದು ಗೊತ್ತು. ಎಸೆಯಿರಿ ಅಂದರಲ್ಲ, ಅದಕ್ಕೆ ಇಟ್ಟಿದ್ದೇನೆ.

ಮಾರ್ಚ್ 9, ಸೋಮವಾರ

ಕೊಕ್ಕರೆ ತಾವಾಗಿಯೇ ಫೋನ್ ಮಾಡಿದರು. ಎಡತೊಡೆಗೆ ಮೊದಲ ಗಂಟಿನ ಪಕ್ಕ ಇನ್ನೆರಡು ಎದ್ದಿವೆ. ಒಂದು ಒಡೆದು ಸೋರುತ್ತಿದೆ. ಮೇಲೆ ಡಾಕ್ಟರುಗಳೆಲ್ಲ ಸೇರಿ ಮಾತಾಡಿಕೊಂಡು, ಇದು ರೋಗಾಣುವಿನ ಕೆಲಸವೇ ಅಲ್ಲ, ಮೈ ತನ್ನ ಮೇಲೆ ತಾನೇ ಸಿಟ್ಟಾಗಿದೆ ಎಂದು ತೀರ್ಮಾನಿಸಿದ್ದಾರೆ. ರಕ್ತದ ಒಂದೆರಡು ಪರೀಕ್ಷೆ ಬಾಕಿ ಇವೆಯಂತೆ. ಅವು ಬಂದ ಮೇಲೆ, ಮುಂದಿನ ಸೋಮವಾರದಿಂದ ಸ್ಟೆರಾಯ್ಡ್.

ಸ್ಟೆರಾಯ್ಡ್ ಮೈಯ ಸಿಟ್ಟು ಇಳಿಸುತ್ತದೆ, ನಿಜ. ಜೊತೆಗೆ ಮೈಯ ಕೈಯನ್ನೂ ಕಟ್ಟಿಹಾಕುತ್ತದೆ. ಒಳಗೆ ರೋಗಾಣು ಇದ್ದರೆ ಅದಕ್ಕೆ ರಾಜಬೀದಿ ತೆರೆದ ಹಾಗೆ. ಚರ್ಮದಿಂದ ಮೂಳೆಗೆ, ಮೂಳೆಯಿಂದ ರಕ್ತಕ್ಕೆ. ಅಷ್ಟು ಸಣ್ಣ ಮೈಯಲ್ಲಿ ದಾರಿ ಎಷ್ಟು ದೂರ?

"ಯಾವ ಆಧಾರದ ಮೇಲೆ ಡಾಕ್ಟ್ರೆ?"

"ನಿಮ್ಮ ವರದಿ ಮೇಲೇನೇ ಮೇಡಂ. ಬೆಳವಣಿಗೆ ಇಲ್ಲ."

ಆ ಕಾಗದ ಹರಿದು ಹಾಕುವ ಹಾಗಿದ್ದರೆ ಇವತ್ತೇ ಹರಿಯುತ್ತಿದ್ದೆ.

ಮಾರ್ಚ್ 10, ಮಂಗಳವಾರ

ಇನ್‌ಕ್ಯುಬೇಟರಿನಲ್ಲಿ ಅಡಗಿಸಿದ್ದು ಹೋಯಿತು. ದೊಡ್ಡವರು ನೀರಿನ ತಟ್ಟೆಯನ್ನು ತಾವೇ ತೆಗೆದು ತೊಳೆದರಂತೆ. ಕಸದ ಡಬ್ಬಿಗೆ ಹೋಗುವ ಮೊದಲು ಅದರಲ್ಲಿ ಏನೂ ಬೆಳೆದಿರಲಿಲ್ಲ ಎಂದು ನನಗೆ ಸಮಾಧಾನ ಹೇಳಿದರು. ನಾನು ಎದ್ದು ಸ್ಲೈಡು ತೊಳೆಯಲು ಹೋದೆ. ಮಾತಾಡಿದ್ದರೆ ನೀರಿನ ಕಾರ್ಖಾನೆಗೆ ಇವತ್ತೇ ಹೋಗಬೇಕಾಗುತ್ತಿತ್ತು.

ಮಾರ್ಚ್ 11, ಬುಧವಾರ

ಮೇಲೆ ಹೋಗಿದ್ದೆ. ಕೆಲಸವಿತ್ತು, ಅದಕ್ಕೆ.

ವಾರ್ಡು ನಾನು ಅಂದುಕೊಂಡದ್ದಕ್ಕಿಂತ ಸೆಖೆ. ಕೊಕ್ಕರೆ ಸಿಕ್ಕಿದರು. ಸ್ಟೆರಾಯ್ಡ್ ಒಂದು ವಾರ ಮುಂದೆ ಹಾಕಿ ಎಂದೆ. ಒಂಟಿ ಕಾಲಲ್ಲಿ ನಿಂತು ಯೋಚಿಸಿದರು. "ಏನಾದ್ರೂ ಒಂದು ತೋರ್ಸಿ ಮೇಡಂ. ಅನುಮಾನ ಅಂತ ಹೇಳಿ ಎಷ್ಟು ದಿನ ಸುಮ್ನಿರ್ಲಿ? ಮಗು ಹಾಲು ಕುಡಿಯೋದು ಕಮ್ಮಿ ಮಾಡಿದೆ." ಅವರ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಬೈಯಲು ಹೋದವಳು ಬೈಯದೆ ಹೊರಟೆ.

ವಾಪಸು ಬರುವ ದಾರಿಯ ಕೋಣೆಯಲ್ಲಿ ಎಡತೊಡೆ ಮಲಗಿದ್ದ. ಬಾಗಿಲಿನಿಂದಲೇ ನೋಡಿದೆ. ಬಟ್ಟೆ ಸುತ್ತದೆ ಕಾಲು ಬಯಲಿಗೆ ಬಿಟ್ಟಿದ್ದರು. ಬಲಗಾಲು ಆಡುತ್ತಿತ್ತು, ಎಡಗಾಲು ಮಡಚಿಕೊಂಡು ಹಾಗೇ ಇತ್ತು. ಕಂಡಕ್ಟರ್ ನನ್ನನ್ನು ಗುರುತು ಹಿಡಿದಳು. ಸ್ಟೂಲು ಸ್ವಲ್ಪ ಸರಿಸಿ ಜಾಗ ಮಾಡಿದಳು. ನನಗೆ ಕೂರಲು ಹೊತ್ತಿರಲಿಲ್ಲ.

ಅಮ್ಮ ಕೇಳಿ, "ನಿನ್ನದು ಯಾವಾಗ್ಲೂ ಇದೇ. ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದಳು. ಕಾಲು ಮೂರೋ ನಾಲ್ಕೋ, ಮೊಲ ಇರುವುದಂತೂ ನಿಜ.

ಮಾರ್ಚ್ 13, ಶುಕ್ರವಾರ

ಬೀರುವಿನದ್ದು ಬೆಳೆದಿದೆ.

ಒಂದು ಬೀಕರ್ ಬೇಕಾಗಿತ್ತೆಂದು ಬೀಗ ತೆಗೆದೆ. ಸುಮ್ಮನೆ ಪ್ಲೇಟು ಎತ್ತಿ ಬೆಳಕಿಗೆ ಹಿಡಿದೆ. ಕೀವು ಎಳೆದ ಗೆರೆಯುದ್ದಕ್ಕೂ, ಗೆರೆ ಬಿಟ್ಟು ಬೇರೆಲ್ಲೂ ಅಲ್ಲ, ಸಾಸಿವೆಗಿಂತ ಸಣ್ಣ ಕೆನೆಬಣ್ಣದ ಚುಕ್ಕೆಗಳು. ಲೆನ್ಸು ಹಿಡಿದು ಇನ್ನೊಮ್ಮೆ ನೋಡಿದೆ.

ಆಮೇಲೆ ತಲೆ ಓಡಿತು. ಈ ಬಳಗದಲ್ಲಿ ಕೆಲವಕ್ಕೆ ಮೈಯೊಳಗಿನ ಬಿಸಿ ಆಗುವುದೇ ಇಲ್ಲ, ತಂಪು ಬೇಕು. ಅದಕ್ಕೇ ಚರ್ಮದಲ್ಲಿ ಮನೆ ಮಾಡುತ್ತವೆ. ಇನ್‌ಕ್ಯುಬೇಟರಿನ ರಾಜಮರ್ಯಾದೆಯಲ್ಲಿ ಮುದುಡಿ ಕೂತದ್ದು ಬೀರುವಿನ ಮೂಲೆಯಲ್ಲಿ ಅರಳಿದೆ. ಓದುವಾಗ ಇದನ್ನು ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಮೊನ್ನೆ ಪ್ಲೇಟು ಇಡುವಾಗ ಮಾತ್ರ ನೆನಪಾಗಲಿಲ್ಲ. ನನ್ನ ಬುದ್ಧಿ ಮಾಡದ ಕೆಲಸವನ್ನು ನನ್ನ ಹಠ ಮಾಡಿದೆ. ಇದನ್ನು ದೊಡ್ಡವರಿಗೆ ಹೇಳುವುದಿಲ್ಲ.

ಕೆಂಪು ಬಣ್ಣ ಹಾಕುವ ಪಕ್ಕದ ಕೋಣೆಯವರು ಮನೆಗೆ ಹೋಗಿದ್ದರು. ನಾಳೆ ಬೆಳಿಗ್ಗೆ.

ಮಾರ್ಚ್ 14, ಶನಿವಾರ

ಕೆಂಪು ಕಡ್ಡಿಗಳು. ನೀಲಿ ಹಿನ್ನೆಲೆಯಲ್ಲಿ ಕೆಂಪಗೆ, ಒಂದರ ಮೇಲೊಂದು ಬಿದ್ದುಕೊಂಡು. ಪಕ್ಕದ ಕೋಣೆಯವರನ್ನು ಕರೆದು ತೋರಿಸಿದೆ, ಅವರೂ ಹೌದೆಂದರು. ಸ್ಲೈಡು ಹಿಡಿದು ದೊಡ್ಡವರ ಮುಂದೆ ನಿಂತೆ. ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿದರು.

"ಎಲ್ಲಿ ಬೆಳೀತು ಇದು?"

"ಬೀರುವಲ್ಲಿ."

"ಬೀರುವಲ್ಲಿ." ಕನ್ನಡಕ ತೆಗೆದು ಒರೆಸಿದರು. "ನಲ್ಲಿ ನೀರಲ್ಲೂ ಇರುತ್ತೆ ಇದು, ಧೂಳಲ್ಲೂ ಇರುತ್ತೆ. ಬೀರುವಲ್ಲಿ ಬೆಳೆದಿದ್ದು ಬೀರುವಿಂದೇ ಅಲ್ಲ ಅಂತ ಹೆಂಗೆ ಹೇಳ್ತೀಯಾ? ನಾನು ಇದಕ್ಕೆ ರುಜು ಹಾಕಲ್ಲ."

"ಗೆರೆ ಮೇಲೆ ಮಾತ್ರ ಬೆಳೆದಿದೆ ಸರ್. ಧೂಳಿಗೆ ಗೆರೆ ಗೊತ್ತಾ?"

"ನಿನ್ನ ಸಿಟ್ಟಿಗೆ ನಾನು ರುಜು ಹಾಕೋಕಾಗಲ್ಲಮ್ಮ."

"ಹಾಕ್ಬೇಡಿ. ಮಗು ಮೈಯಿಂದ ಈಗ ತಂದು ತೋರಿಸ್ತೀನಿ. ಆಗ ಹಾಕ್ತೀರಾ?"

ಉತ್ತರಕ್ಕೆ ಕಾಯಲಿಲ್ಲ. ಲಿಫ್ಟಿಗೂ ಕಾಯಲಿಲ್ಲ. ಮೇಲೆ ಕೊಕ್ಕರೆಗೆ ಸ್ಲೈಡಿನ ಫೋಟೋ ತೋರಿಸಿ, ಹೊಸ ಗಂಟಿನಿಂದ, ಇನ್ನೂ ಒಡೆಯದ ಗಂಟಿನಿಂದ ಒಂದು ಹನಿ ಬೇಕು ಎಂದೆ. ಈ ಸಲ ಅವರು ಎರಡೂ ಕಾಲ ಮೇಲೆ ನಿಂತರು. ನರ್ಸ್ ಇನ್ನೊಂದು ಮಗುವಿನ ಹತ್ತಿರ ಸಿಕ್ಕಿಕೊಂಡಿದ್ದಳು. "ಮೇಡಂ, ಕಾಲು ಹಿಡ್ಕೊಳಿ" ಎಂದರು. ನಾನು ಹಿಡಿಯುವವಳಲ್ಲ, ನಾನು ಕೆಳಗಿನವಳು ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಕೈತೊಳೆದು ಗ್ಲೌಸ್ ಹಾಕಿಕೊಂಡಾಗಿತ್ತು. ಮಂಡಿ ನನ್ನ ಎರಡು ಬೆರಳಿನ ನಡುವೆ ಕೂತಿತು. ಎಷ್ಟು ಬಿಸಿಯಾಗಿತ್ತು. ಗಂಟಿನ ಪಕ್ಕದ ಚರ್ಮ ಮಾತ್ರ ತಣ್ಣಗಿತ್ತು, ಅಥವಾ ನನಗೆ ಹಾಗೆ ಅನ್ನಿಸಿತು. ಸೂಜಿ ಹೋದಾಗ ಅತ್ತ, ಆದರೆ ಕಾಲು ಎಳೆದುಕೊಳ್ಳಲಿಲ್ಲ. ಮಗು ಕಾಲು ಎಳೆದುಕೊಳ್ಳಬೇಕು. ಒದೆಯಬೇಕು. ಅವನು ಒದೆಯಲಿಲ್ಲ ಎನ್ನುವುದು ನನಗೆ ಆ ಗಂಟಿಗಿಂತ ಹೆಚ್ಚು ಸಿಟ್ಟು ತರಿಸಿತು.

ಕಂಡಕ್ಟರ್ ಗೋಡೆಗೆ ಮುಖ ಮಾಡಿ ನಿಂತಿದ್ದಳು. "ಸಿಗುತ್ತಾ?" ಎಂದಳು, ತಿರುಗದೆ.

"ಇದ್ರೆ ಬಿಡಲ್ಲ" ಎಂದೆ.

ಸಿಕ್ಕಿತು. ಹನಿ ಕೀವಿನಲ್ಲಿ, ಬಹಳ ಹುಡುಕಿದ ಮೇಲೆ, ಕಣದೊಳಗೆ ಅವಿತ ಮೂರು ಕೆಂಪು ಕಡ್ಡಿಗಳು. ಈ ಸಲ ಬೀರುವಿಲ್ಲ, ಧೂಳಿಲ್ಲ, ಮಗುವಿನ ಮೈಯಿಂದ ನೇರ ಸ್ಲೈಡಿಗೆ. ದೊಡ್ಡವರು ನೋಡಿದರು. ಎತ್ತರದ ಪ್ರಕಾರ ನಿಂತ ಸಾಲಿನಿಂದ ಮಧ್ಯದ ಪೆನ್ನು ತೆಗೆದು ರುಜು ಹಾಕಿದರು.

"ಬೀರು ವಿಷಯ ಬೇರೆ. ಅದನ್ನ ಆಮೇಲೆ ಮಾತಾಡ್ತೀನಿ" ಎಂದರು.

ಮಾತಾಡಲಿ.

ಮಾರ್ಚ್ 16, ಸೋಮವಾರ

ಸ್ಟೆರಾಯ್ಡ್ ಕೊಡಲಿಲ್ಲ. ಬದಲಿಗೆ ಒಂದು ಸಿರಪ್ಪು, ಒಂದು ಸೂಜಿಮದ್ದು. ಗಂಟುಗಳನ್ನು ಶಸ್ತ್ರವೈದ್ಯರು ಕೊರೆದು ಶುಚಿ ಮಾಡಿದ್ದಾರೆ. ಸೂಜಿಮದ್ದು ಕೆಲವು ವಾರ ಸಾಕು, ಅದು ಕಿವಿಗೆ ಹೊಡೆತ ಕೊಡಬಹುದು, ಹಾಗಾಗಿ ಆಗಾಗ ಕಿವಿ ಪರೀಕ್ಷೆ ಮಾಡಬೇಕು. ಸಿರಪ್ಪು ಮಾತ್ರ ನಾಲ್ಕು ತಿಂಗಳಾದರೂ ಬೇಕು. ಕಂಡಕ್ಟರ್‌ಗೆ ನಾನೇ ಹೇಳಿದೆ, ಕೊಕ್ಕರೆ ಹೇಳುವುದು ಯಾರಿಗೂ ಅರ್ಥವಾಗುವುದಿಲ್ಲ.

"ವಾಸಿ ಆದಂಗೆ ಕಂಡ್ರೂ ನಿಲ್ಲಿಸ್ಬಾರ್ದು. ಇದು ನಿಧಾನದ ಜಾತಿ. ನಾವು ಅದಕ್ಕಿಂತ ನಿಧಾನ ಆಗ್ಬೇಕು."

"ಕೊನೇ ಸ್ಟಾಪ್ ತನಕ ಇಳಿಸಲ್ಲ ಬಿಡಿ" ಎಂದಳು.

ಕಾರ್ಖಾನೆಯವರು ಫೋನ್ ಮಾಡಿದ್ದರು. ಕೈಯಲ್ಲಿ ಕೆಲಸವಿತ್ತು, ಆಮೇಲೆ ಮಾಡುತ್ತೇನೆ ಎಂದೆ.

ಮಾರ್ಚ್ 19, ಗುರುವಾರ

ಎಲ್ಲಿಂದ ಬಂತು ಎಂದು ಹುಡುಕದಿದ್ದರೆ ಅರ್ಧ ಕೆಲಸ. ಹೆರಿಗೆ ಕೋಣೆಗೆ ಹೋದೆ. ಔಷಧಿಯ ಬಾಟಲಿ, ನಲ್ಲಿ, ತೊಟ್ಟಿ, ಎಲ್ಲದರಿಂದಲೂ ಒರೆಸಿ ತೆಗೆದೆ. ಚುಚ್ಚುವ ಮೊದಲು ಚರ್ಮ ಒರೆಸುವ ಹತ್ತಿ ಒಂದು ಸ್ಟೀಲ್ ಡಬ್ಬಿಯಲ್ಲಿ ನೆನೆದುಕೊಂಡಿತ್ತು. ಸ್ಪಿರಿಟ್ ಅಲ್ಲ, ನೀರು ಬೆರೆಸುವ ಯಾವುದೋ ಹಳೆಯ ಔಷಧಿ.

"ಇದನ್ನ ಯಾವಾಗ ಖಾಲಿ ಮಾಡ್ತೀರಿ ಸಿಸ್ಟರ್?"

ಹಿರಿಯ ನರ್ಸ್ ಹೆಮ್ಮೆಯಿಂದ, "ಖಾಲಿ ಆಗೋಕೆ ಬಿಟ್ರೆ ತಾನೆ? ಅರ್ಧ ಆದ ಕೂಡ್ಲೇ ಮೇಲಿಂದ ಹತ್ತಿ ಹಾಕಿ, ನೀರು ಔಷಧಿ ಹುಯ್ದುಬಿಡ್ತೀವಿ. ನನ್ನ ಸರ್ವಿಸಿನಲ್ಲಿ ಒಂದು ದಿನಾನೂ ಕಮ್ಮಿ ಬಿದ್ದಿಲ್ಲ" ಎಂದಳು.

ಅಕ್ಷಯಪಾತ್ರೆ. ತಳದ ಹತ್ತಿ ಯಾವ ಕಾಲದ್ದೋ. ಸೋಮಾರಿತನದಿಂದಲ್ಲ, ಅಚ್ಚುಕಟ್ಟಿನಿಂದಲೇ ಆದ ತಪ್ಪು. ಅವಳನ್ನು ಬೈಯಲು ನಾಲಿಗೆ ಏಳಲಿಲ್ಲ. ಡಬ್ಬಿಯನ್ನು ಮುಚ್ಚಳ ಸಮೇತ ಎತ್ತಿಕೊಂಡು ಬಂದೆ. ಅದರ ಪ್ಲೇಟುಗಳು ಈಗ ಬೀರುವಿನಲ್ಲಿವೆ, ಎಡತೊಡೆಯದ್ದು ಇದ್ದ ಅದೇ ಅರೆಯಲ್ಲಿ.

ಮಾರ್ಚ್ 27, ಶುಕ್ರವಾರ

ಡಬ್ಬಿಯ ಪ್ಲೇಟಿನಲ್ಲೂ ಅವೇ ಚುಕ್ಕೆಗಳು. ಆ ಡಬ್ಬಿಯ ಹತ್ತಿ ತಗುಲಿದ ಮಕ್ಕಳನ್ನೆಲ್ಲ ಕರೆಸಿ ನೋಡುತ್ತಿದ್ದಾರೆ. ನಿನ್ನೆ ಬಲತೊಡೆ ಬಂದಳು, ಗಂಟು ಇನ್ನೂ ಬಟಾಣಿಯಷ್ಟಿದೆ. ಅವಳಿಗೆ ಕಾಯಿಸದೆ ಔಷಧಿ ಶುರುವಾಯಿತು. ಹೋಗಿ ನೋಡಿಬಂದೆ. ಗಟ್ಟಿಗಿತ್ತಿ, ವಾರ್ಡೆಲ್ಲ ಕೇಳುವ ಹಾಗೆ ಕಿರುಚುತ್ತಾಳೆ.

ನನಗೂ ಒಂದು ಕಾಗದ ಬಂದಿದೆ. ನಿಯಮ ಮೀರಿ ಪ್ಲೇಟು ಇಟ್ಟದ್ದಕ್ಕೆ, ಬೀಗ ಹಾಕಿದ್ದಕ್ಕೆ ನೋಟಿಸು. "ಇನ್ನು ಮುಂದೆ ಹೀಗೆ ಮಾಡುವುದಿಲ್ಲ" ಎಂದು ಬರೆದುಕೊಡಬೇಕಂತೆ. ದೊಡ್ಡವರು ತಾವೇ ತಂದುಕೊಟ್ಟರು.

"ಒಂದು ಸಾಲು ಬರ್ದುಬಿಡು. ಫೈಲಿಗೆ ಹಾಕಿ ಮುಗಿಸ್ತೀನಿ."

"ಮುಂದೆಯೂ ಮಾಡ್ತೀನಲ್ಲ ಸರ್. ಸುಳ್ಳು ಹೆಂಗೆ ಬರೀಲಿ?"

"ತಪಾಸಣೆಯೋರು ಬಂದ್ರೆ ನಾನೇನು ತೋರಿಸ್ಲಿ?"

"ನಿಯಮ ಬದಲಾಯ್ಸಿ, ಅದನ್ನ ತೋರ್ಸಿ. ಹಸುಗೂಸಿನ ಕೀವು ಎರಡು ವಾರ ಇರ್ಬೇಕು, ಒಂದು ಪ್ಲೇಟು ಬಿಸೀಲಿ, ಒಂದು ತಂಪಲ್ಲಿ."

ಕಾಗದ ನನ್ನ ಮೇಜಿನ ಮೇಲೆ ಬಿಟ್ಟು ಹೋದರು. ಅಲ್ಲೇ ಇದೆ.

ಏಪ್ರಿಲ್ 1, ಬುಧವಾರ

ಎಡತೊಡೆಯ ಕಿವಿ ಪರೀಕ್ಷೆ ಆಯಿತು. ಎರಡೂ ಚೆನ್ನಾಗಿವೆ. ಬೆಳಿಗ್ಗೆ ಅಮ್ಮ ಯಾಕೋ ನನ್ನ ಹೊಸ ಚಪ್ಪಲಿ ಬಾಗಿಲ ಹತ್ತಿರ ತೆಗೆದಿಟ್ಟಿದ್ದಳು. ಕಿವಿ ಪರೀಕ್ಷೆಗೆ ಹೊತ್ತಾಗಿತ್ತು, ಹಳೆಯದನ್ನೇ ಮೆಟ್ಟಿಕೊಂಡು ಓಡಿದೆ.

ಜುಲೈ 20, ಸೋಮವಾರ

ಬರೆದು ಬಹಳ ದಿನವಾಯಿತು. ಬೈಯಬೇಕಾದವರನ್ನು ಈಗ ಎದುರಿಗೇ ಬೈಯುತ್ತೇನೆ, ಪುಸ್ತಕಕ್ಕೆ ಉಳಿಯುವುದಿಲ್ಲ.

ಇಂದು ಎಡತೊಡೆಯ ಸಿರಪ್ಪು ನಿಂತಿತು. ಕಂಡಕ್ಟರ್ ಮೇಲಿನಿಂದ ನೇರ ಕೆಳಗೆ ಬಂದಳು, ನಾವು ಚಹಾ ಕುಡಿಯುವ ಹೊರಗಿನ ಕೋಣೆಗೆ. ಖಾಕಿ ಹಾಕಿದ್ದಳು, ಮಧ್ಯಾಹ್ನದ ಪಾಳಿಯಂತೆ. ಮಗನಿಗೆ ಹೆಸರಿಟ್ಟಾಗಿದೆ, ನನಗೂ ಹೇಳಿದಳು. ನಾನು ಎಡತೊಡೆ ಎಂದೇ ಕರೆದೆ, ಅವನು ತಿರುಗಿ ನೋಡಿದ. ತೊಡೆಯ ಮೇಲೆ ಮೂರು ಗುಳಿಗಳಿವೆ, ಅವು ಹೋಗುವುದಿಲ್ಲ. ಇರಲಿ.

ದೊಡ್ಡವರೂ ಅಲ್ಲೇ ಇದ್ದರು, ಕೈಯಲ್ಲಿ ಆ ನೋಟಿಸಿನ ಮೂರನೆಯ ನೆನಪೋಲೆ. ನನ್ನ ಬಡ್ತಿ ಅದರಿಂದಲೇ ನಿಂತಿದೆ. ಒಂದೇ ಸಾಲು, ಒಂದೇ ಸಾಲು ಎನ್ನುತ್ತಾರೆ. ಬೀರುವಿನ ಕೆಳ ಅರೆಯಲ್ಲಿ ಈಗ ಎರಡು ದಿನ ದಾಟಿದ ನಾಲ್ಕು ಪ್ಲೇಟುಗಳಿವೆ. ಅವರಿಗೂ ಗೊತ್ತು. ಶುಚಿ ಮಾಡುವಾಗ ಆ ಬೀರುವೊಂದನ್ನು ಬಿಟ್ಟು ಮಾಡುತ್ತಾರೆ. ಆದರೂ ಕಾಗದವನ್ನು ಮೇಜಿನ ಮೇಲೆ ಹರಡಿ, "ಇವತ್ತಾದ್ರೂ ಉತ್ತರ ಕೊಡಮ್ಮ" ಎಂದರು.

ಅಷ್ಟರಲ್ಲಿ ಕಂಡಕ್ಟರ್ ಚೀಲ ಹುಡುಕಲೆಂದು ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಭಾರವಾಗಿದ್ದಾನೆ. ಸುಮ್ಮನೆ ಮಂಡಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದೆ, ಅವತ್ತು ಹಿಡಿದ ಹಾಗೆ. ಕಾಲು ಎಳೆದುಕೊಂಡ. ಎಳೆದುಕೊಂಡು ಒದ್ದ. ಮೇಜಿನಂಚಿನಲ್ಲಿದ್ದ ನನ್ನ ಆರಿದ ಚಹಾ ಲೋಟ ಸಮೇತ ಉರುಳಿ ನೋಟಿಸಿನ ಮೇಲೆಲ್ಲ ಹರಿಯಿತು.

ದೊಡ್ಡವರು ಒದ್ದೆ ಕಾಗದವನ್ನು ತುದಿಯಲ್ಲಿ ಹಿಡಿದೆತ್ತಿ, ಇದನ್ನು ಏನೆಂದು ಫೈಲಿಗೆ ಹಾಕಲಿ ಎಂದು ಕೇಳಿದರು.

"ಉತ್ತರ ಬಂದಿದೆ ಅಂತ ಹಾಕಿ ಸರ್" ಎಂದೆ. "ಎಡಗಾಲಲ್ಲಿ."